ಬೆಳಕು, ಜೆಲ್ ಮತ್ತು ಅಮೋನಿಯ: ಸಾರಜನಕ ಬಂದದ್ದು ಎಲ್ಲಿಂದ?

ಸಿಗಡಿ ಚಿಪ್ಪಿನಿಂದ ತೆಗೆದ ಕೈಟೋಸಾನ್, ಕಡಲಪಾಚಿಯಿಂದ ತೆಗೆದ ಆಲ್ಜಿನೇಟ್ ಅಥವಾ ಹತ್ತಿಯ ಸೆಲ್ಯುಲೋಸ್ ಬಳಸಿ ನೀರು ತುಂಬಿದ ಮೆತ್ತನೆಯ ಜೆಲ್ ಒಂದನ್ನು ಮಾಡುತ್ತಾರೆ. ಅದರೊಳಗೆ ಬೆಳಕು ಹೀರುವ ಕಣಗಳನ್ನು ಹುದುಗಿಸುತ್ತಾರೆ. ಅದನ್ನು ಬಿಸಿಲಿಗೂ ಗಾಳಿಗೂ ಒಡ್ಡಿದರೆ ಗಾಳಿಯ ಸಾರಜನಕ ಅಮೋನಿಯವಾಗುತ್ತದೆ ಎನ್ನುತ್ತವೆ ಕೆಲವು ವರ್ಷಗಳಿಂದ ಮೇಲಿಂದ ಮೇಲೆ ಬರುತ್ತಿರುವ ಸಂಶೋಧನಾ ಪ್ರಬಂಧಗಳು. ಅಮೋನಿಯವೆಂದರೆ ಗೊಬ್ಬರ, ಗೊಬ್ಬರವೆಂದರೆ ಅನ್ನ. 2025ರ ಜುಲೈಯಲ್ಲಿ ಕೊಪ್ಪಳ, ಗದಗ ಜಿಲ್ಲೆಗಳ ಸೊಸೈಟಿಗಳ ಮುಂದೆ ಯೂರಿಯಾ ಚೀಲಕ್ಕಾಗಿ ನಸುಕಿನಿಂದಲೇ ಸಾಲು ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದಲೇ ಈ ಸುದ್ದಿಯನ್ನು ಹಗುರವಾಗಿ ತಳ್ಳಿಹಾಕುವಂತೆಯೂ ಇಲ್ಲ, ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ. ಇಂಥ ಪ್ರತಿಯೊಂದು ಪ್ರಬಂಧಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ನೀವು ಅಳೆದ ಅಮೋನಿಯದಲ್ಲಿರುವ ಸಾರಜನಕ ಎಲ್ಲಿಂದ ಬಂತು? ಜೈವಿಕ ಮೂಲದ ಜೆಲ್‌ಗಳ ವಿಷಯದಲ್ಲಿ ಈ ಪ್ರಶ್ನೆ ಇನ್ನಷ್ಟು ಚುರುಕಾಗುತ್ತದೆ.

ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವಿದೆ. ಅದರ ಎರಡು ಪರಮಾಣುಗಳು ಮೂರು ಬಂಧಗಳಿಂದ ಬಿಗಿದುಕೊಂಡಿರುವುದರಿಂದ ಗಿಡಕ್ಕೆ ಅದು ನೇರವಾಗಿ ದಕ್ಕುವುದಿಲ್ಲ. ಆ ಬಂಧವನ್ನು ಕಡಿಯಲು ಒಂದು ಮೋಲ್‌ಗೆ, ಅಂದರೆ 28 ಗ್ರಾಂ ಸಾರಜನಕಕ್ಕೆ, ಸುಮಾರು 945 ಕಿಲೋಜೂಲ್ ಶಕ್ತಿ ಬೇಕು. 1909ರಲ್ಲಿ ಜರ್ಮನಿಯ ಫ್ರಿಟ್ಜ್ ಹೇಬರ್ ಪ್ರಯೋಗಾಲಯದಲ್ಲಿ ಸಾರಜನಕಕ್ಕೆ ಜಲಜನಕ ಸೇರಿಸಿ ಅಮೋನಿಯ ಮಾಡಿ ತೋರಿಸಿದರು. ಕಾರ್ಲ್ ಬಾಷ್ ಅದನ್ನು ಕಾರ್ಖಾನೆಯ ಮಟ್ಟಕ್ಕೆ ಬೆಳೆಸಿ 1913ರಲ್ಲಿ ಓಪೌ ಎಂಬಲ್ಲಿ ಉತ್ಪಾದನೆ ಆರಂಭಿಸಿದರು. 400ರಿಂದ 500 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ವಾತಾವರಣದ ನೂರು–ಇನ್ನೂರು ಪಟ್ಟು ಒತ್ತಡ, ಕಬ್ಬಿಣದ ಕ್ರಿಯಾವರ್ಧಕ: ಮೂಲ ಸೂತ್ರ ಇಂದಿಗೂ ಅದೇ. ಜಗತ್ತು ಈಗ ವರ್ಷಕ್ಕೆ 18 ಕೋಟಿ ಟನ್ ಆಸುಪಾಸಿನಲ್ಲಿ ಅಮೋನಿಯ ತಯಾರಿಸುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಗೊಬ್ಬರಕ್ಕೆ ಹೋಗುತ್ತದೆ. ಇದಕ್ಕೆ ಬೇಕಾದ ಜಲಜನಕ ಬಹುತೇಕ ನೈಸರ್ಗಿಕ ಅನಿಲದಿಂದ ಅಥವಾ ಕಲ್ಲಿದ್ದಲಿನಿಂದ ಬರುತ್ತದೆ. ಇಂಗಾಲದ ಡೈಆಕ್ಸೈಡ್ ಹೊರಬೀಳುವುದು ಮುಖ್ಯವಾಗಿ ಆ ಹಂತದಲ್ಲಿ. ಕರ್ನಾಟಕದಲ್ಲಿ ಯೂರಿಯಾ ತಯಾರಾಗುವುದು ಮಂಗಳೂರಿನ ಪಣಂಬೂರಿನಲ್ಲಿ. ಅಲ್ಲಿನ ಕಾರ್ಖಾನೆ ದಶಕಗಳ ಕಾಲ ಕಚ್ಚಾ ತೈಲದಿಂದ ಬರುವ ನಾಫ್ತಾ ನಂಬಿಕೊಂಡು ನಡೆದು, ಕೊಚ್ಚಿ–ಮಂಗಳೂರು ಕೊಳವೆ ಮಾರ್ಗ ಸಿದ್ಧವಾದ ಮೇಲೆ ನೈಸರ್ಗಿಕ ಅನಿಲಕ್ಕೆ ಹೊರಳಿತು. ಆ ಅನಿಲವೂ ಹಡಗಿನಲ್ಲಿ ಹೊರದೇಶದಿಂದ ಬಂದಿಳಿಯುವಂಥದ್ದು. ಯುದ್ಧವೋ ಬೆಲೆ ಏರಿಕೆಯೋ ದೂರದಲ್ಲೆಲ್ಲೋ ಸಂಭವಿಸಿದರೆ ಅದರ ಬಿಸಿ ನಮ್ಮ ಹೊಲಕ್ಕೆ ತಟ್ಟುವುದು ಹೀಗೆ.

ಬಿಸಿಲಿನಿಂದಲೇ ಸಾರಜನಕವನ್ನು ಹಿಡಿಯುವ ಆಸೆ ಹೊಸದಲ್ಲ. ಅಲಹಾಬಾದಿನ ರಸಾಯನ ವಿಜ್ಞಾನಿ ನೀಲ್ ರತನ್ ಧರ್ ಅವರು ಕಾಕಂಬಿ, ಸಗಣಿಯಂಥ ಸಾವಯವ ಪದಾರ್ಥ ಬೆರೆಸಿದ ಮಣ್ಣು ಬಿಸಿಲಿನಲ್ಲಿ ಹೆಚ್ಚು ಸಾರಜನಕ ಹಿಡಿದಿಡುತ್ತದೆ ಎಂದು 1930 ಮತ್ತು 40ರ ದಶಕಗಳಲ್ಲಿ ವಾದಿಸಿದರು. ಮಣ್ಣಿನ ಜೀವಾಣುಗಳು ಎಷ್ಟು ಮಾಡಿದವು, ಬೆಳಕು ಎಷ್ಟು ಮಾಡಿತು ಎಂದು ಬೇರ್ಪಡಿಸಿ ತೋರಿಸುವುದು ಕಷ್ಟವಾದದ್ದರಿಂದ ಆ ವಾದಕ್ಕೆ ಎಲ್ಲರ ಒಪ್ಪಿಗೆ ಸಿಗಲಿಲ್ಲ. 1977ರಲ್ಲಿ ಅಮೆರಿಕದಲ್ಲಿ ಶ್ರೌಜರ್ ಮತ್ತು ಗುತ್, ಕಬ್ಬಿಣ ಬೆರೆಸಿದ ಟೈಟಾನಿಯಂ ಡೈಆಕ್ಸೈಡ್ ಮೇಲೆ ಅತಿನೇರಳೆ ಕಿರಣ ಬಿದ್ದಾಗ ಸಾರಜನಕವೂ ನೀರೂ ಸೇರಿ ಅಮೋನಿಯವಾಗುತ್ತದೆ ಎಂದು ವರದಿ ಮಾಡಿದರು. ಇಂದಿನ ಸಂಶೋಧನೆಯ ಬೇರು ಅಲ್ಲಿದೆ. ಬೆಳಕು ಬಿದ್ದಾಗ ಟೈಟಾನಿಯಂ ಡೈಆಕ್ಸೈಡ್‌ನಂಥ ಅರೆವಾಹಕ ಕಣದಲ್ಲಿ ಎಲೆಕ್ಟ್ರಾನ್ ಮೇಲೆ ಚಿಮ್ಮುತ್ತದೆ, ಅದು ಬಿಟ್ಟ ಜಾಗದಲ್ಲಿ ಧನಾವೇಶದ ರಂಧ್ರ ಉಳಿಯುತ್ತದೆ. ಎಲೆಕ್ಟ್ರಾನ್ ಸಾರಜನಕಕ್ಕೆ ಸೇರಬೇಕು, ರಂಧ್ರ ನೀರಿನಿಂದ ಎಲೆಕ್ಟ್ರಾನ್ ಕಿತ್ತುಕೊಂಡು ಆಮ್ಲಜನಕವನ್ನು ಬಿಡುಗಡೆ ಮಾಡಬೇಕು. ಕಾಗದದ ಮೇಲೆ ಇದು ಚೆಲುವಾದ ಲೆಕ್ಕ. ವಾಸ್ತವದಲ್ಲಿ ಎಲೆಕ್ಟ್ರಾನ್ ಮತ್ತು ರಂಧ್ರಗಳಲ್ಲಿ ಬಹುಪಾಲು ಪರಸ್ಪರ ಸೇರಿ ಬರೀ ಶಾಖವಾಗಿ ಕರಗುತ್ತವೆ. ಉಳಿದ ಎಲೆಕ್ಟ್ರಾನ್‌ಗಳಲ್ಲೂ ಹೆಚ್ಚಿನವು ಸಾರಜನಕವನ್ನು ಬಿಟ್ಟು ನೀರಿನ ಜಲಜನಕವನ್ನೇ ಅನಿಲವಾಗಿಸುತ್ತವೆ.

ಜೆಲ್ ಬೇಕಾಗುವುದು ಇಲ್ಲಿ. ಸಾರಜನಕ ನೀರಿನಲ್ಲಿ ಕರಗುವುದು ತೀರಾ ಕಡಿಮೆ. ಕೋಣೆಯ ಉಷ್ಣತೆಯಲ್ಲಿ ಶುದ್ಧ ಸಾರಜನಕವನ್ನೇ ಹಾಯಿಸಿದರೂ ಒಂದು ಲೀಟರಿಗೆ ಸುಮಾರು 18 ಮಿಲಿಗ್ರಾಂ ಅಷ್ಟೆ. ಕಣಗಳನ್ನು ನೀರಿನಲ್ಲಿ ಕಲಕಿದರೆ ಅವು ಈ ಅಲ್ಪಸ್ವಲ್ಪವನ್ನೇ ಕಾದುಕೊಂಡಿರಬೇಕು. ಕೆಲಸ ಮುಗಿದ ಮೇಲೆ ಆ ಸೂಕ್ಷ್ಮ ಪುಡಿಯನ್ನು ನೀರಿನಿಂದ ಬೇರ್ಪಡಿಸುವುದೂ ಪ್ರಯಾಸ. ಅದೇ ಕಣಗಳನ್ನು ಸ್ಪಂಜಿನಂತೆ ತೂತುತೂತಾದ ಜೆಲ್‌ನಲ್ಲಿ ಕೂರಿಸಿ ನೀರಿನ ಮೇಲೆ ತೇಲಿಬಿಟ್ಟರೆ ಕೆಳಗಿನಿಂದ ನೀರು ಏರುತ್ತದೆ, ಮೇಲಿನಿಂದ ಗಾಳಿ ನೇರವಾಗಿ ಸಿಗುತ್ತದೆ, ಬಿಸಿಲು ಅಡ್ಡಿಯಿಲ್ಲದೆ ಬೀಳುತ್ತದೆ. ಕರಗಿದ ಸಾರಜನಕ ನೀರಿನೊಳಗೆ ನಿಧಾನವಾಗಿ ಸಾಗಿ ಬರುವವರೆಗೆ ಕಾಯಬೇಕಾದ ದೂರ ಬಹಳ ಮಟ್ಟಿಗೆ ತಗ್ಗುತ್ತದೆ.

ಆಲ್ಜಿನೇಟ್ ಜೆಲ್ ಮಾಡುವುದು ಶಾಲೆಯ ಪ್ರಯೋಗಾಲಯದಲ್ಲೂ ಸಾಧ್ಯ. ಕಂದು ಕಡಲಪಾಚಿಯಿಂದ ತೆಗೆದ ಸೋಡಿಯಂ ಆಲ್ಜಿನೇಟ್ ಪುಡಿಯನ್ನು ನೀರಿನಲ್ಲಿ ಕಲಸಿದರೆ ಗಂಜಿಯಷ್ಟು ಮಂದವಾದ ದ್ರವ ಸಿಗುತ್ತದೆ. ಅದಕ್ಕೆ ಬೆಳಕು ಹೀರುವ ಕ್ರಿಯಾವರ್ಧಕದ ಪುಡಿ ಬೆರೆಸಿ, ಸಿರಿಂಜಿನಿಂದ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣಕ್ಕೆ ತೊಟ್ಟಿಕ್ಕಿಸಬೇಕು. ತೊಟ್ಟು ಒಳಗೆ ಬಿದ್ದ ಕೂಡಲೇ ಅದರ ಹೊರಮೈ ಗಟ್ಟಿಯಾಗುತ್ತದೆ. ಕ್ಯಾಲ್ಸಿಯಂ ಅಯಾನುಗಳು ಆಲ್ಜಿನೇಟ್ ಸರಪಳಿಗಳನ್ನು ಒಂದಕ್ಕೊಂದು ಹೆಣೆಯುತ್ತಾ ಒಳಗಿಳಿಯುತ್ತವೆ. ಸ್ವಲ್ಪ ಹೊತ್ತಿನಲ್ಲಿ ತಳದಲ್ಲಿ ಮಣಿಗಳು ಸಾಲಾಗಿ ಕೂತಿರುತ್ತವೆ, ಒತ್ತಿದರೆ ಬಾಗಿ ಮತ್ತೆ ದುಂಡಗಾಗುತ್ತವೆ. ಒಲೆ ಬೇಡ, ಒತ್ತಡ ಬೇಡ, ವಿಷಕಾರಿ ದ್ರಾವಕವೂ ಬೇಡ. ಈ ಸರಳತೆಯನ್ನು ಕಂಡವರಿಗೆ ಜೈವಿಕ ಜೆಲ್‌ಗಳ ಮೇಲೆ ಸಂಶೋಧಕರಿಗೆ ಯಾಕಿಷ್ಟು ಒಲವು ಎಂಬುದು ಅರ್ಥವಾಗುತ್ತದೆ. ಆಲ್ಜಿನೇಟ್‌ಗೆ ಇನ್ನೊಂದು ಗುಣವೂ ಇದೆ. ಅದರ ಸರಪಳಿಯಲ್ಲಿ ಋಣಾವೇಶದ ಗುಂಪುಗಳಿರುವುದರಿಂದ ಹುಟ್ಟಿದ ಅಮೋನಿಯಂ ಅಯಾನು (ನೀರಿನಲ್ಲಿ ಧನಾವೇಶ ಪಡೆದ ಅಮೋನಿಯ) ಅಲ್ಲೇ ಸಿಕ್ಕಿಕೊಳ್ಳುತ್ತದೆ. ಇಲ್ಲದಿದ್ದರೆ ಅದೇ ಕಣದ ಧನಾವೇಶದ ರಂಧ್ರಗಳು ಅಮೋನಿಯವನ್ನು ಮರಳಿ ಉತ್ಕರ್ಷಿಸಿ, ಅಂದರೆ ಅದರ ಎಲೆಕ್ಟ್ರಾನ್ ಕಿತ್ತುಕೊಂಡು, ನೈಟ್ರೇಟ್ ಮಾಡಿಬಿಡುವ ಅಪಾಯವಿರುತ್ತದೆ.

ಕೈಟೋಸಾನ್ ವಿಷಯ ಬೇರೆ. ಸಿಗಡಿ, ಏಡಿಗಳ ಚಿಪ್ಪಿನಿಂದ ಬರುವ ಈ ಪಾಲಿಮರ್‌ನಲ್ಲಿ ಬಹುತೇಕ ಪ್ರತಿ ಸಕ್ಕರೆ ಘಟಕಕ್ಕೂ ಸಾರಜನಕವಿರುವ ಒಂದು ಅಮೀನ್ ಗುಂಪು ಅಂಟಿಕೊಂಡಿದೆ. ಅಂದರೆ ಕೈಟೋಸಾನ್ ಒಳಗೇ ಸಾರಜನಕವಿದೆ, ತೂಕದಲ್ಲಿ ನೂರಕ್ಕೆ ಸುಮಾರು 8 ಪಾಲು. ಈಗ ಒಂದು ಸಾಮಾನ್ಯ ಪ್ರಯೋಗದ ಲೆಕ್ಕ ನೋಡೋಣ. 100 ಮಿಲಿಗ್ರಾಂ ಕೈಟೋಸಾನ್ ಜೆಲ್‌ನಲ್ಲಿ 50 ಮಿಲಿಗ್ರಾಂ ಕ್ರಿಯಾವರ್ಧಕ ಹುದುಗಿಸಿದ್ದಾರೆ ಎಂದುಕೊಳ್ಳಿ. ಒಂದು ಗ್ರಾಂ ಕ್ರಿಯಾವರ್ಧಕಕ್ಕೆ ಗಂಟೆಗೆ 100 ಮೈಕ್ರೋಮೋಲ್ ಅಮೋನಿಯ ಎಂಬ ಫಲಿತಾಂಶ ಈ ಕ್ಷೇತ್ರದಲ್ಲಿ ಅಪರೂಪದ್ದೇನಲ್ಲ. ಹಾಗಿದ್ದರೆ ಗಂಟೆಯಲ್ಲಿ ಹುಟ್ಟಿದ್ದು 5 ಮೈಕ್ರೋಮೋಲ್, ಅದರಲ್ಲಿರುವ ಸಾರಜನಕ 0.07 ಮಿಲಿಗ್ರಾಂ. ಜೆಲ್ ಒಳಗೆ ಮೊದಲೇ ಇದ್ದ ಸಾರಜನಕ 8 ಮಿಲಿಗ್ರಾಂ. ಕೈಟೋಸಾನ್‌ನ ಅಮೀನ್‌ಗಳಲ್ಲಿ ನೂರಕ್ಕೆ ಒಂದು ಪಾಲು ಕಳಚಿಕೊಂಡರೂ ಆ ಗಂಟೆಯ ಇಡೀ ‘ಉತ್ಪಾದನೆ’ಯ ಲೆಕ್ಕ ಸರಿಹೋಗುತ್ತದೆ. ಗಾಳಿಯಿಂದ ಒಂದು ಅಣುವೂ ಬಂದಿರಬೇಕಿಲ್ಲ. ಬೆಳಕಿನ ಕ್ರಿಯಾವರ್ಧಕಗಳು ಸಾವಯವ ಸಾರಜನಕವನ್ನು ಒಡೆದು ಅಮೋನಿಯಂ ಮಾಡುತ್ತವೆ ಎಂಬುದು ನೀರು ಶುದ್ಧೀಕರಣದ ಸಂಶೋಧನೆಯಲ್ಲಿ ಹಳೆಯ ವಿಷಯ. ಹಾಗಾಗಿ ಇದನ್ನು ಬರೀ ಅನುಮಾನವೆಂದು ಬದಿಗೆ ಸರಿಸಲಾಗದು. ಜೆಲಾಟಿನ್ ಬಳಸಿದರಂತೂ ಇನ್ನೂ ಕಷ್ಟ, ಅದು ಪ್ರೊಟೀನ್. ಗ್ರಾಫೈಟಿಕ್ ಕಾರ್ಬನ್ ನೈಟ್ರೈಡ್ ಎಂಬ ಜನಪ್ರಿಯ ಕ್ರಿಯಾವರ್ಧಕದಲ್ಲೂ ಅರ್ಧಕ್ಕಿಂತ ಹೆಚ್ಚು ತೂಕ ಸಾರಜನಕದ್ದೇ. ಸೆಲ್ಯುಲೋಸ್, ಆಲ್ಜಿನೇಟ್ ಮತ್ತು ಮನೆಯಲ್ಲಿ ಚೀನಾ ಗ್ರಾಸ್ ಎಂದು ತಂದು ಸಿಹಿ ಮಾಡುವ ಅಗರ್, ಈ ಮೂರರ ಸರಪಳಿಯಲ್ಲಿ ಸಾರಜನಕವಿಲ್ಲ. ಪ್ರಯೋಗ ಆರಂಭಿಸುವವರು ಇವನ್ನು ಬಿಟ್ಟು ಕೈಟೋಸಾನ್ ಆರಿಸಿಕೊಳ್ಳಬೇಕಾದರೆ ಗಟ್ಟಿ ಕಾರಣ ಕೊಡಬೇಕು ಎಂಬುದು ನನ್ನ ಅಭಿಪ್ರಾಯ.

ಸಾರಜನಕ ನುಸುಳುವ ಬೇರೆ ದಾರಿಗಳೂ ಇವೆ. ಉಸಿರಿನಲ್ಲಿ ಅಮೋನಿಯವಿರುತ್ತದೆ, ಕೈಗವಸಿನಲ್ಲಿ ನೈಟ್ರೇಟ್ ಇರಬಹುದು. ಸಾರಜನಕದ ಸಿಲಿಂಡರಿನಲ್ಲೇ ನೈಟ್ರೋಜನ್ ಆಕ್ಸೈಡುಗಳ ಕುರುಹು ಇರಬಹುದು. ಬಿಸ್ಮತ್ ಆಧಾರಿತ ಕ್ರಿಯಾವರ್ಧಕಗಳನ್ನು ಬಿಸ್ಮತ್ ನೈಟ್ರೇಟ್‌ನಿಂದಲೇ ತಯಾರಿಸುವುದು ವಾಡಿಕೆ. ಸರಿಯಾಗಿ ತೊಳೆಯದಿದ್ದರೆ ಉಳಿದ ನೈಟ್ರೇಟ್ ಬೆಳಕಿನಲ್ಲಿ ಅಮೋನಿಯವಾಗಿ ಕಾಣಿಸಿಕೊಳ್ಳುತ್ತದೆ. ವಿದ್ಯುತ್ತಿನಿಂದ ಅಮೋನಿಯ ಮಾಡುವ ಸೋದರ ಕ್ಷೇತ್ರದಲ್ಲಿ ಇಂಥ ಹುಸಿ ಫಲಿತಾಂಶಗಳು ಎಷ್ಟು ಹೆಚ್ಚಿದವೆಂದರೆ, 2019ರಲ್ಲಿ ಡೆನ್ಮಾರ್ಕಿನ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಅವರ ಸಹವರ್ತಿಗಳು ನೇಚರ್ ಪತ್ರಿಕೆಯಲ್ಲಿ ಕಟ್ಟುನಿಟ್ಟಿನ ಪರೀಕ್ಷಾ ಕ್ರಮವನ್ನೇ ಪ್ರಕಟಿಸಿದರು. ಮೊದಲು ಸಾರಜನಕದ ಬದಲು ಜಡ ಅನಿಲವಾದ ಆರ್ಗಾನ್ ಹಾಯಿಸಿ ಅದೇ ಪ್ರಯೋಗ ಮಾಡಬೇಕು. ಆಗಲೂ ಅಮೋನಿಯ ಬಂದರೆ ಅದರ ಮೂಲ ಗಾಳಿಯದಲ್ಲ. ಅನಂತರ ಸಾಮಾನ್ಯ ಸಾರಜನಕದ ಬದಲು ಅದರ ತುಸು ಭಾರದ ರೂಪವಾದ ಸಾರಜನಕ-15 ಐಸೋಟೋಪ್ ಹಾಯಿಸಬೇಕು. ನಿಸರ್ಗದ ಸಾರಜನಕದಲ್ಲಿ ಇದು ನೂರಕ್ಕೆ 0.37ರಷ್ಟು ಮಾತ್ರ. ಅಣುಗಳನ್ನು ಕಾಂತಕ್ಷೇತ್ರದಲ್ಲಿಟ್ಟು ಗುರುತಿಸುವ ಎನ್‌ಎಂಆರ್ ಯಂತ್ರದಲ್ಲಿ ಸಾಮಾನ್ಯ ಅಮೋನಿಯಂ ಮೂರು ಗೆರೆಗಳಾಗಿ ಕಾಣುತ್ತದೆ, ಸಾರಜನಕ-15ರದ್ದು ಎರಡು ಗೆರೆಗಳಾಗಿ. ಜೆಲ್ ತನ್ನ ಅಮೀನ್‌ಗಳನ್ನು ಕಳಚಿದ್ದರೆ ಮೂರು ಗೆರೆಗಳು ಎದ್ದು ನಿಲ್ಲುತ್ತವೆ, ಹಾಯಿಸಿದ ಸಾರಜನಕ-15 ನಿಜಕ್ಕೂ ಒಳಬಂದಿದ್ದರೆ ಎರಡು ಗೆರೆಗಳು. ಅದೂ ಬರೀ ಕಾಣಿಸಿದರೆ ಸಾಲದು, ಸಾಮಾನ್ಯ ಸಾರಜನಕ ಹಾಯಿಸಿದಾಗ ಬಂದ ಪ್ರಮಾಣಕ್ಕೂ ಹೊಂದಬೇಕು. ಸಾರಜನಕ-15 ಅನಿಲ ದುಬಾರಿ, ಅದರ ಸಿಲಿಂಡರುಗಳಲ್ಲೂ ಕಲ್ಮಶ ಸಿಕ್ಕ ಉದಾಹರಣೆಗಳಿವೆ. ಹಾಗೆಂದು ಈ ಪರೀಕ್ಷೆಯನ್ನು ಬಿಟ್ಟುಬಿಟ್ಟ ಪ್ರಬಂಧವನ್ನು ಮುಂದಿನ ಸಂಶೋಧನೆಗೆ ತಳಹದಿ ಮಾಡಿಕೊಳ್ಳುವುದು ಸಾರ್ವಜನಿಕ ಹಣಕ್ಕೂ ಯುವ ಸಂಶೋಧಕರ ವರ್ಷಗಳಿಗೂ ಬಗೆಯುವ ಅನ್ಯಾಯ.

ಜೆಲ್‌ನ ಇನ್ನೊಂದು ತೊಡಕು ಅದರ ಆಯುಸ್ಸು. ಟೈಟಾನಿಯಂ ಡೈಆಕ್ಸೈಡ್ ಬೆಳಕಿನಲ್ಲಿ ಸಾವಯವ ಕೊಳೆಯನ್ನು ಸುಟ್ಟುಹಾಕುತ್ತದೆ ಎಂಬ ಕಾರಣಕ್ಕೇ ಅದನ್ನು ತನ್ನಿಂತಾನೇ ಶುಚಿಯಾಗುವ ಗಾಜಿಗೆ ಬಳಿಯುತ್ತಾರೆ. ಅದನ್ನು ಸುತ್ತುವರಿದ ಸೆಲ್ಯುಲೋಸ್, ಆಲ್ಜಿನೇಟ್ ಕೂಡ ಸಾವಯವವೇ. ಕಣದ ರಂಧ್ರಗಳು ನೀರನ್ನು ಉತ್ಕರ್ಷಿಸುವ ಬದಲು ಪಕ್ಕದಲ್ಲೇ ಇರುವ ಸಕ್ಕರೆ ಸರಪಳಿಯನ್ನು ಉತ್ಕರ್ಷಿಸುತ್ತವೆ, ಅದು ಅವಕ್ಕೆ ಸುಲಭ. ಆಗ ಅಮೋನಿಯದ ದರ ಏರಿದಂತೆ ಕಾಣುತ್ತದೆ, ಯಾಕೆಂದರೆ ಎಲೆಕ್ಟ್ರಾನ್ ಒದಗಿಸುವ ಕೆಲಸವನ್ನು ನೀರಿನ ಬದಲು ಜೆಲ್ ತಾನೇ ಸವೆಯುತ್ತಾ ಮಾಡುತ್ತಿರುತ್ತದೆ. ಇದನ್ನು ಪತ್ತೆ ಹಚ್ಚುವ ದಾರಿ ಸರಳ: ಆಮ್ಲಜನಕವನ್ನೂ ಅಳೆಯಬೇಕು. ನೀರೇ ಎಲೆಕ್ಟ್ರಾನ್ ಕೊಟ್ಟಿದ್ದರೆ ನಾಲ್ಕು ಅಣು ಅಮೋನಿಯಕ್ಕೆ ಮೂರು ಅಣು ಆಮ್ಲಜನಕ ಹೊರಬರಬೇಕು. ಅಷ್ಟು ಬರದಿದ್ದರೆ ಮತ್ತೇನೋ ಸವೆಯುತ್ತಿದೆ ಎಂದರ್ಥ. ಸವೆಯುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಕಬ್ಬಿನ ಸಿಪ್ಪೆಯಿಂದ ಬಂದ ಅಗ್ಗದ ಸೆಲ್ಯುಲೋಸ್ ಸವೆದು ಅಮೋನಿಯ ಕೊಟ್ಟರೆ ಅದಕ್ಕೂ ಬೆಲೆಯಿದೆ. ಆದರೆ ಆಗ ‘ಗಾಳಿ, ನೀರು, ಬೆಳಕು ಮಾತ್ರ’ ಎಂದು ಬರೆಯಬಾರದು, ಎಷ್ಟು ಗ್ರಾಂ ಸೆಲ್ಯುಲೋಸ್‌ಗೆ ಎಷ್ಟು ಅಮೋನಿಯ ಎಂಬ ಲೆಕ್ಕವನ್ನು ಮುಂದಿಡಬೇಕು.

ಬೆಳಕಿನಿಂದ ಅಮೋನಿಯ ಮಾಡುವ ಜೈವಿಕ ಜೆಲ್ ನಿಸರ್ಗದಲ್ಲಿ ಮೊದಲೇ ಇದೆ. ಮಳೆಗಾಲದಲ್ಲಿ ಒದ್ದೆ ನೆಲದ ಮೇಲೆ ಹಸಿರುಗಪ್ಪು ಲೋಳೆಯ ಮುದ್ದೆಗಳಂತೆ ಕಾಣುವ ನೋಸ್ಟಾಕ್ ಒಂದು ನೀಲಿ-ಹಸಿರು ಪಾಚಿ. ಅದರ ಕೋಶಸರಗಳು ತಾವೇ ಸ್ರವಿಸಿದ ಪಾಲಿಸ್ಯಾಕರೈಡ್ (ಸಕ್ಕರೆ ಸರಪಳಿಯ) ಜೆಲ್ ಒಳಗೆ ಬದುಕುತ್ತವೆ. ಬೆಳಕಿನಿಂದ ಶಕ್ತಿ ಪಡೆದು, ನೈಟ್ರೋಜಿನೇಸ್ ಎಂಬ ಕಿಣ್ವದಿಂದ ಸಾರಜನಕವನ್ನು ಅಮೋನಿಯವಾಗಿಸುತ್ತವೆ. ಆಮ್ಲಜನಕ ತಗುಲಿದರೆ ಆ ಕಿಣ್ವ ಹಾಳಾಗುವುದರಿಂದ ಅದಕ್ಕೆಂದೇ ದಪ್ಪ ಗೋಡೆಯ ಪ್ರತ್ಯೇಕ ಕೋಶಗಳನ್ನು ಕಟ್ಟಿಕೊಂಡಿವೆ. ನಮ್ಮ ರೈತರು ಗದ್ದೆಗೂ ದನದ ಮೇವಿಗೂ ಬೆಳೆಸುವ ಅಜೋಲಾ ಎಲೆಯೊಳಗೆ ವಾಸಿಸುವುದು ಇದರ ಹತ್ತಿರದ ಬಂಧು. 1982ರಲ್ಲಿ ಸ್ಕಾಟ್ಲೆಂಡಿನ ಡಂಡಿಯ ಸಂಶೋಧಕರು ಅನಬೀನಾ ಎಂಬ ಇಂಥದೇ ಪಾಚಿಯನ್ನು ಕ್ಯಾಲ್ಸಿಯಂ ಆಲ್ಜಿನೇಟ್ ಮಣಿಗಳಲ್ಲಿ ಹುದುಗಿಸಿದರು. ಅಮೋನಿಯವನ್ನು ಪಾಚಿ ತನಗೇ ಬಳಸಿಕೊಳ್ಳದಂತೆ ಒಂದು ರಾಸಾಯನಿಕದಿಂದ ತಡೆದು, ಅದು ಹೊರಗೆ ಹರಿಯುವಂತೆ ಮಾಡಿದರು. ಈಗಿನ ಪ್ರಬಂಧಗಳ ತಲೆಬರಹಗಳನ್ನು ಓದುವಾಗ ಆ ನಲವತ್ತು ವರ್ಷ ಹಳೆಯ ಕೆಲಸ ನೆನಪಾಗದಿರುವುದು ವಿಷಾದದ ಸಂಗತಿ. 2016ರಲ್ಲಿ ಅಮೆರಿಕದ ಸಂಶೋಧಕರು ಜೀವಕೋಶವನ್ನೇ ಬಿಟ್ಟು, ಕ್ಯಾಡ್ಮಿಯಂ ಸಲ್ಫೈಡ್‌ನ ಸೂಕ್ಷ್ಮ ಕಡ್ಡಿಗಳಿಗೆ ನೈಟ್ರೋಜಿನೇಸ್‌ನ ಪ್ರೊಟೀನನ್ನು ಜೋಡಿಸಿ ಬೆಳಕಿನಿಂದಲೇ ಅದನ್ನು ನಡೆಸಿದರು. ಕಿಣ್ವದ ಸಹಜ ವೇಗದ ಅರ್ಧಕ್ಕಿಂತ ಹೆಚ್ಚು ವೇಗ ದೊರೆಯಿತು. ಇಂಥ ನಾಜೂಕಾದ ಜೋಡಣೆಗೆ ಆಸರೆಯಾಗಿ ಜೆಲ್ ಹೊಂದುತ್ತದೆ. ಕ್ಯಾಡ್ಮಿಯಂ ಹೊಲಕ್ಕೆ ಇಳಿಯಕೂಡದು ಎಂಬುದು ಬೇರೆ ಮಾತು.

ಇನ್ನು ಇಳುವರಿಯ ಲೆಕ್ಕ. ನೀರು ಮತ್ತು ಸಾರಜನಕದಿಂದ ಒಂದು ಕಿಲೋ ಅಮೋನಿಯ ಮಾಡಲು ಕನಿಷ್ಠ 20 ಮೆಗಾಜೂಲ್ ಶಕ್ತಿ ಬೇಕು. ಬಯಲುಸೀಮೆಯಲ್ಲಿ ಒಳ್ಳೆಯ ಬಿಸಿಲಿನ ದಿನ ಒಂದು ಚದರ ಮೀಟರ್ ಮೇಲೆ ಬೀಳುವ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೆ. ಹಾಗಾಗಿ ದಕ್ಷತೆ ನೂರಕ್ಕೆ ನೂರಾಗಿದ್ದರೆ ಚದರ ಮೀಟರಿಗೆ ದಿನಕ್ಕೊಂದು ಕಿಲೋ ಅಮೋನಿಯ ಸಿಗಬೇಕು. 2017ರಲ್ಲಿ ಜಪಾನಿನ ಒಸಾಕಾ ವಿಶ್ವವಿದ್ಯಾಲಯದ ತಂಡ ಟೈಟಾನಿಯಂ ಡೈಆಕ್ಸೈಡ್‌ನಿಂದ ವರದಿ ಮಾಡಿದ ದಕ್ಷತೆ ಶೇಕಡಾ 0.02, ಆ ಹೊತ್ತಿಗೆ ಅದು ಗಮನಾರ್ಹ ಸಾಧನೆ. ಆ ದರದಲ್ಲಿ ಚದರ ಮೀಟರಿಗೆ ದಿನಕ್ಕೆ 0.2 ಗ್ರಾಂ. 45 ಕಿಲೋ ಯೂರಿಯಾ ಚೀಲದಲ್ಲಿರುವ ಸಾರಜನಕ ಸುಮಾರು 21 ಕಿಲೋ, ಅದಕ್ಕೆ 25 ಕಿಲೋ ಅಮೋನಿಯ ಬೇಕು. ಒಂದು ಎಕರೆಯ ತುಂಬ ಇದನ್ನೇ ಹರಡಿದರೂ ಒಂದು ಚೀಲಕ್ಕೆ ಸಮನಾದ ಸಾರಜನಕಕ್ಕೆ ಒಂದು ತಿಂಗಳು ಕಾಯಬೇಕು.

ಇದರ ಎದುರಾಳಿ ಯಾರು ಎಂಬುದನ್ನೂ ನೋಡಬೇಕು. ಅದೇ ಚದರ ಮೀಟರಿನಲ್ಲಿ ಸಾಧಾರಣ ಸೋಲಾರ್ ಫಲಕವಿಟ್ಟು, ಆ ವಿದ್ಯುತ್ತಿನಿಂದ ನೀರನ್ನು ಒಡೆದು ಜಲಜನಕ ಪಡೆದು, ಹೇಬರ್ ವಿಧಾನದಲ್ಲೇ ಅಮೋನಿಯ ಮಾಡಿದರೆ ದಿನಕ್ಕೆ ಸುಮಾರು 90 ಗ್ರಾಂ ಸಿಗುತ್ತದೆ. ನಾನೂರು ಪಟ್ಟಿಗೂ ಹೆಚ್ಚು. ಭಾರತ 2023ರ ಜನವರಿಯಲ್ಲಿ 19,744 ಕೋಟಿ ರೂಪಾಯಿಯ ರಾಷ್ಟ್ರೀಯ ಹಸಿರು ಜಲಜನಕ ಯೋಜನೆಗೆ ಒಪ್ಪಿಗೆ ಕೊಟ್ಟು ಹಿಡಿದಿರುವ ದಾರಿ ಇದೇ. 2025ರಲ್ಲಿ ಗೊಬ್ಬರ ಕಾರ್ಖಾನೆಗಳಿಗಾಗಿ ನಡೆದ ಹಸಿರು ಅಮೋನಿಯದ ಹರಾಜುಗಳಲ್ಲಿ ಕಿಲೋಗೆ ಸುಮಾರು 50ರಿಂದ 65 ರೂಪಾಯಿಯ ದರಗಳು ಬಂದವು. ಬೆಳಕಿನ ಜೆಲ್ ದಕ್ಷತೆಯನ್ನು ಶೇಕಡಾ ಒಂದಕ್ಕೆ ಏರಿಸಿಕೊಂಡರೂ ಸೋಲಾರ್ ಫಲಕ ಮತ್ತು ಹೇಬರ್ ವಿಧಾನದ ಈ ಜೋಡಿಯನ್ನು ಹಿಂದಿಕ್ಕಲಾರದು. ಜೆಲ್ ಬಂದು ಪಣಂಬೂರಿನಂಥ ಕಾರ್ಖಾನೆಯ ಜಾಗ ಹಿಡಿಯುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಹಾಗಾದರೆ ಜೆಲ್‌ಗೆ ಯಾವ ಕೆಲಸ? ಕಾರ್ಖಾನೆ ತಲುಪಲಾರದ ಕಡೆ, ಸಾರಜನಕದ ಮೂಲದ ಬಗ್ಗೆ ಗೊಂದಲವೇ ಇಲ್ಲದ ಕಡೆ ಅದಕ್ಕೆ ಜಾಗವಿದೆ. ನೈಟ್ರೇಟ್‌ ತುಂಬಿದ ನೀರು ಅಂಥದ್ದು. ಅದರಲ್ಲಿರುವ ನೈಟ್ರೇಟನ್ನೇ ಬೆಳಕಿನಿಂದ ಅಮೋನಿಯವಾಗಿಸಬಹುದು. ನೈಟ್ರೇಟ್‌ನಲ್ಲಿ ಸಾರಜನಕ ಮತ್ತು ಆಮ್ಲಜನಕದ ನಡುವಿನ ಬಂಧವನ್ನು ಕಡಿಯಲು ಗಾಳಿಯ ಸಾರಜನಕಕ್ಕೆ ಬೇಕಾದ ಶಕ್ತಿಯ ನಾಲ್ಕನೇ ಒಂದು ಭಾಗಕ್ಕಿಂತ ಕಡಿಮೆ ಸಾಕು. ಅದು ನೀರಿನಲ್ಲಿ ಧಾರಾಳವಾಗಿ ಕರಗುತ್ತದೆ, ಕರಗುವಿಕೆಯ ತಾಪತ್ರಯವಿಲ್ಲ. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯಲ್ಲಿ ಕರ್ನಾಟಕದಿಂದ ಪರೀಕ್ಷಿಸಿದ ನೀರಿನ ಮಾದರಿಗಳಲ್ಲಿ ಸುಮಾರು ಅರ್ಧದಷ್ಟು ಲೀಟರಿಗೆ 45 ಮಿಲಿಗ್ರಾಂ ಎಂಬ ನೈಟ್ರೇಟ್ ಮಿತಿಯನ್ನು ದಾಟಿದ್ದವು. ಹೊಲಕ್ಕೆ ಸುರಿದ ಯೂರಿಯಾದಲ್ಲಿ ಗಿಡ ಹೀರದೆ ಉಳಿದದ್ದೂ, ಊರಿನ ಚರಂಡಿ, ಶೌಚಗುಂಡಿಗಳದ್ದೂ ಇಳಿದು ಕೊಳವೆಬಾವಿಗೆ ಸೇರಿದ ಸಾರಜನಕ ಇದು.

ಇಲ್ಲೂ ಲೆಕ್ಕ ತಪ್ಪಿಸಬಾರದು. ಲೀಟರಿಗೆ 100 ಮಿಲಿಗ್ರಾಂ ನೈಟ್ರೇಟ್ ಇರುವ ನೀರಿನಿಂದ ಒಂದು ಯೂರಿಯಾ ಚೀಲದಷ್ಟು ಸಾರಜನಕ ತೆಗೆಯಬೇಕಾದರೆ ಒಂಬತ್ತು ಲಕ್ಷ ಲೀಟರ್ ನೀರನ್ನು ಸಂಸ್ಕರಿಸಬೇಕು. ಆ ನೀರನ್ನು ಹೊಲಕ್ಕೆ ಹಾಯಿಸುವುದಾದರೆ ಪರಿವರ್ತನೆಯೇ ಬೇಡ, ಗಿಡ ನೈಟ್ರೇಟನ್ನು ಹಾಗೆಯೇ ಹೀರುತ್ತದೆ. ಪ್ರಯೋಜನವಿರುವುದು ನೈಟ್ರೇಟ್ ಸಾಂದ್ರವಾಗಿ ಒಂದೆಡೆ ಸೇರುವ ಕಡೆ. ನಮ್ಮ ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕಗಳನ್ನೇ ನೋಡಿ. ಆರ್‌ಒ ಯಂತ್ರ ಒಂದು ಕಡೆ ಕುಡಿಯುವ ನೀರು ಕೊಟ್ಟರೆ, ಇನ್ನೊಂದು ಕೊಳವೆಯಿಂದ ಲವಣವೂ ನೈಟ್ರೇಟೂ ದಟ್ಟವಾದ ತ್ಯಾಜ್ಯ ನೀರು ಹೊರಬರುತ್ತದೆ. ಅನೇಕ ಕಡೆ ಅದು ಘಟಕದ ಹಿಂದಿನ ಮೋರಿಗೆ ಹರಿದು ಮತ್ತೆ ಅದೇ ನೆಲಕ್ಕೆ ಇಂಗುತ್ತದೆ. ಆ ಕೊಳವೆಯ ಬಾಯಲ್ಲಿ ಬಿಸಿಲಿಗೆ ಒಡ್ಡಿದ ಅಗಲವಾದ ತೊಟ್ಟಿ, ಅದರಲ್ಲಿ ಆಲ್ಜಿನೇಟ್ ಅಥವಾ ಸೆಲ್ಯುಲೋಸ್ ಜೆಲ್. ನೈಟ್ರೇಟ್ ಅಮೋನಿಯಂ ಆಗಿ ಜೆಲ್‌ನಲ್ಲೇ ಸಿಕ್ಕಿಕೊಂಡರೆ ಆ ಜೆಲ್ ನೇರವಾಗಿ ತೋಟದ ಮಣ್ಣಿಗೆ ಹೋಗಬಹುದು. ಮಣ್ಣಿಗೆ ಜೆಲ್ ಹಾಕುವುದು ನಮ್ಮ ಕೃಷಿಗೆ ಅಪರಿಚಿತವಲ್ಲ, ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ತೇವಾಂಶ ಹಿಡಿದಿಡಲೆಂದು ರೂಪಿಸಿದ ಸೆಲ್ಯುಲೋಸ್ ಆಧಾರಿತ ಪೂಸಾ ಹೈಡ್ರೋಜೆಲ್ ಬಳಕೆಯಲ್ಲಿದೆ.

ಇದಾಗಬೇಕಾದರೆ ದಾಟಬೇಕಾದ ಅಡ್ಡಿಗಳು ಸ್ಪಷ್ಟವಾಗಿವೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನುಗಳು ಜೆಲ್‌ನಲ್ಲಿ ಹಿಡಿದ ಅಮೋನಿಯಂ ಅನ್ನು ತಳ್ಳಿ ಜಾಗ ಮಾಡಿಕೊಳ್ಳುತ್ತವೆ. ಸೋಡಿಯಂ ಹೆಚ್ಚಿದ್ದರೆ ಆಲ್ಜಿನೇಟ್ ಮಣಿಗಳ ಹೆಣಿಗೆಯೇ ಸಡಿಲವಾಗಿ ಮಣಿ ಉಬ್ಬಿ ಒಡೆಯುತ್ತದೆ. ಕ್ರಿಯೆ ಅರ್ಧದಲ್ಲಿ ನಿಂತರೆ ನೈಟ್ರೇಟ್‌ಗಿಂತ ಅಪಾಯಕಾರಿಯಾದ ನೈಟ್ರೈಟ್ ಉಳಿಯುತ್ತದೆ. ಜೆಲ್ ಮಣ್ಣಿಗೆ ಹೋಗುವುದಾದರೆ ಅದರೊಳಗಿನ ಲೋಹ ಕಬ್ಬಿಣದಂಥ ನಿರಪಾಯಕಾರಿಯೇ ಆಗಿರಬೇಕು. ಪ್ರಯೋಗಾಲಯಗಳಲ್ಲಿ ಶುದ್ಧ ನೀರಿಗೆ ನೈಟ್ರೇಟ್ ಲವಣ ಕರಗಿಸಿ ಮಾಡುವ ಪರೀಕ್ಷೆಗಳಲ್ಲಿ ಇವುಗಳಲ್ಲಿ ಮೊದಲೆರಡು ತಲೆದೋರುವುದು ಕಷ್ಟ. ಕೋಲಾರದಲ್ಲೋ ರಾಯಚೂರಿನಲ್ಲೋ ಒಂದು ಘಟಕದ ಹಿಂದಿನ ಕೊಳವೆಯಿಂದ ಕ್ಯಾನಿನಲ್ಲಿ ಹಿಡಿದು ತಂದ ನೀರಿನಲ್ಲಿ, ಸಾರಜನಕವಿಲ್ಲದ ಜೆಲ್ ಬಳಸಿ, ಬೇಸಿಗೆಯ ಒಂದಿಡೀ ತಿಂಗಳು ಹೊರಗಿನ ಬಿಸಿಲಿನಲ್ಲಿ ಈ ಪ್ರಯೋಗ ನಡೆಯಬೇಕು. ಒಳಹೋದ ನೈಟ್ರೇಟ್, ಹುಟ್ಟಿದ ಅಮೋನಿಯಂ, ಉಳಿದ ನೈಟ್ರೈಟ್ ಮತ್ತು ಸವೆದ ಜೆಲ್, ಈ ನಾಲ್ಕರ ಅಂಕಿಗಳೂ ಒಂದೇ ಕೋಷ್ಟಕದಲ್ಲಿ ಪ್ರಕಟವಾಗಬೇಕು.